ಡಾಕ್ಟರ ಮುಂದೆ ಬಾಯಿ ಬಿಡೋಣ

(ಮಂಚಿಕೇರಿಯ ಕಲಿಕಾ ಕೇಂದ್ರದಲ್ಲಿ ಅಕ್ಕತಂಗಿಯರ ಜೊತೆ ಆಡಿದ ಮಾತು)





ಹಗಲೆಲ್ಲ ದುಡಿದು ದಣಿದು ಬಂದಿದ್ದೀರಿ. ಕೆಲವರು ಅಡಿಕೆ ಸುಲಿದು ಬಂದಿದ್ದೀರಿ. ಕೆಲವರು ಬೆಟ್ಟದಿಂದ ಸೊಪ್ಪಿನ ಹೊರೆ ತಂದು ಕೊಟ್ಟಿಗೆಗೆ ಹಾಕಿ ಬಂದಿದ್ದೀರಿ. ಆದರೂ ಪಾಟಿ ಹಿಡಿದು ಕುಳಿತಿದ್ದೀರಿ. ನಮಗೆ ಬಹಳ ಸಂತೋಷ.

ಇವತ್ತು ಹೊಸ ಅಕ್ಷರ ಬೇಡ. ಕಲಿತ ಅಕ್ಷರವನ್ನು ಎಲ್ಲಿ ಬಳಸಬೇಕು ಎಂದು ಮಾತಾಡೋಣ. ಡಾಕ್ಟರ ಹತ್ತಿರ ಹೋದಾಗ ನಮ್ಮ ತೊಂದರೆಯನ್ನು ಹೇಳುವುದು ಹೇಗೆ? ಇದೇ ಇವತ್ತಿನ ವಿಷಯ.

"ಇದರಲ್ಲಿ ಕಲಿಯೋದು ಎಂತ ಉಂಟು ಅಕ್ಕೋರೇ? ನೋವು ಇದ್ದರೆ ನೋವು ಅಂತ ಹೇಳಿದರೆ ಆಯ್ತು" ಎಂದು ನೀವು ಕೇಳಬಹುದು. ಸರಿ. ಆದರೆ ನಾವು ನಿಜವಾಗಿ ಹಾಗೆ ಹೇಳುತ್ತೇವೆಯೇ? ಸ್ವಲ್ಪ ಯೋಚನೆ ಮಾಡೋಣ.

ಹೇಳದೆ ಉಳಿದ ಮಾತು

ನಾವು ಆಸ್ಪತ್ರೆಗೆ ಹೋಗುವುದೇ ಕಷ್ಟದಿಂದ. ಬೆಳಿಗ್ಗೆ ಎದ್ದು ಹಾಲು ಕರೆದು, ಅಡಿಗೆ ಮಾಡಿಟ್ಟು, ಮಕ್ಕಳನ್ನು ಶಾಲೆಗೆ ಕಳಿಸಿ, ಆಮೇಲೆ ಬಸ್ಸು ಹಿಡಿಯಬೇಕು. ಹಾಸಣಗಿ, ಕಂಪ್ಲಿ, ಉಮ್ಮಚಗಿ ಕಡೆಯ ಒಳ ಹಳ್ಳಿಯವರು ಬಸ್ಸಿನ ರಸ್ತೆಗೆ ಬರಲಿಕ್ಕೇ ದೂರ ನಡೆಯಬೇಕು. ಯಲ್ಲಾಪುರಕ್ಕೋ ಶಿರಸಿಗೋ ಹೋಗುವುದಾದರೆ ಒಂದು ದಿನದ ಕೂಲಿ ಹೋಯಿತು. ಹುಬ್ಬಳ್ಳಿಗೆ ಹೋದರೆ ಇನ್ನೂ ಹೆಚ್ಚು ಖರ್ಚು.

ಆಸ್ಪತ್ರೆಯಲ್ಲಿ ಸಾಲು ಇರುತ್ತದೆ. ನಮ್ಮ ಸರದಿ ಬಂದಾಗ ಡಾಕ್ಟರು, "ಎಂತ ತೊಂದರೆ?" ಎಂದು ಕೇಳುತ್ತಾರೆ. ನಾವು "ತಲೆನೋವು, ಸೊಂಟನೋವು, ಸುಸ್ತು" ಎನ್ನುತ್ತೇವೆ. ಅವರು ಮಾತ್ರೆ ಬರೆದು ಕೊಡುತ್ತಾರೆ. ನಾವು ಎದ್ದು ಬರುತ್ತೇವೆ.

ಆದರೆ ನಾವು ಹೋದದ್ದು ತಲೆನೋವಿಗೆ ಅಲ್ಲ. ಬಿಳಿ ಹೋಗುತ್ತದೆ, ಅದಕ್ಕೆ ಹೋಗಿದ್ದೆವು. ಹೊರಗಾದಾಗ ರಕ್ತ ವಿಪರೀತ ಹೋಗುತ್ತದೆ, ಅದಕ್ಕೆ ಹೋಗಿದ್ದೆವು. ಮೊಲೆಯಲ್ಲಿ ಗಂಟು ಸಿಕ್ಕಿದೆ, ಅದಕ್ಕೆ ಹೋಗಿದ್ದೆವು. ಹೊರೆ ಎತ್ತಿದರೆ ಕೆಳಗೆ ಏನೋ ಜಾರಿದ ಹಾಗೆ ಆಗುತ್ತದೆ. ಕೆಮ್ಮಿದರೆ ಮೂತ್ರ ಹನಿಯುತ್ತದೆ. ಇದನ್ನೆಲ್ಲ ಹೇಳಬೇಕು ಎಂದುಕೊಂಡೇ ಹೋಗಿದ್ದೆವು. ಹೇಳಲಿಲ್ಲ. ಬಸ್ಸಿನಲ್ಲಿ ಕುಳಿತ ಮೇಲೆ, "ಅಯ್ಯೋ, ಹೇಳಲೇ ಇಲ್ಲ" ಎಂದು ನೆನಪಾಗುತ್ತದೆ.

ಯಾಕೆ ಹೇಳಲಿಲ್ಲ? ನಾಚಿಕೆ. ಡಾಕ್ಟರು ಗಂಡಸು. ಪಕ್ಕದಲ್ಲಿ ಅತ್ತೆ ಇದ್ದರು, ಇಲ್ಲವೇ ಮೈದುನ ಇದ್ದ. ಬಾಗಿಲಲ್ಲಿ ಊರಿನವರೇ ನಿಂತಿದ್ದರು. ಇನ್ನೊಂದು ಕಾರಣವೂ ಉಂಟು. "ಡಾಕ್ಟರು ಕಲಿತವರು, ನಾವು ಹೆಬ್ಬೆಟ್ಟು, ನಾವು ಎಂತ ಹೇಳೋದು" ಎಂಬ ಹಿಂಜರಿಕೆ.

ಈ ಕೊನೆಯ ಕಾರಣ ಈಗ ಇಲ್ಲ. ನೀವು ಈಗ ಹೆಬ್ಬೆಟ್ಟು ಅಲ್ಲ.

ಡಾಕ್ಟರು ಎಷ್ಟೇ ಓದಿರಲಿ, ಅವರಿಗೆ ನಮ್ಮ ಮೈಯೊಳಗಿನ ನೋವು ಕಾಣುವುದಿಲ್ಲ. ಅದು ಗೊತ್ತಿರುವುದು ನಮಗೆ ಮಾತ್ರ. ಅವರಿಗೆ ರೋಗದ ವಿದ್ಯೆ ಗೊತ್ತು. ನಮಗೆ ನಮ್ಮ ಮೈ ಗೊತ್ತು. ಎರಡೂ ಕೂಡಿದರೆ ಮಾತ್ರ ಸರಿಯಾದ ಔಷಧ ಸಿಗುತ್ತದೆ.

ದಾರಿ ತೋರಿಸಿದ ಒಬ್ಬ ಹೆಣ್ಣುಮಗಳು

ಅನುಪಮಾ ನಿರಂಜನ ಎಂಬ ಹೆಸರು ಕೇಳಿದ್ದೀರಾ? ಅವರು ನಮ್ಮ ಹಾಗೆ ಮಲೆನಾಡಿನ ಹೆಣ್ಣುಮಗಳು. 1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದರು. ಓದಿ ಡಾಕ್ಟರಾದರು. ಕತೆ, ಕಾದಂಬರಿಗಳನ್ನೂ ಬರೆದರು.

ಹೆಂಗಸರು ತಮ್ಮ ದೇಹದ ತೊಂದರೆಯನ್ನು ಹೇಳಲಿಕ್ಕೆ ಹಿಂಜರಿಯುತ್ತಿದ್ದ ಕಾಲ ಅದು. ಅನುಪಮಾ ಅವರು ಆ ವಿಷಯಗಳನ್ನೇ ಕನ್ನಡದಲ್ಲಿ, ಎಲ್ಲರಿಗೂ ತಿಳಿಯುವ ಹಾಗೆ ಬರೆದರು. ಬಸುರಿ ಬಾಣಂತಿಯರಿಗಾಗಿ 'ತಾಯಿ-ಮಗು' ಬರೆದರು. ಬೆಳೆಯುವ ಹುಡುಗಿಯರಿಗಾಗಿ 'ಕೇಳು ಕಿಶೋರಿ' ಬರೆದರು. ಗಂಡ ಹೆಂಡತಿಯರಿಗಾಗಿ 'ದಾಂಪತ್ಯ ದೀಪಿಕೆ' ಬರೆದರು. ಎಷ್ಟೋ ಮನೆಗಳಲ್ಲಿ ಈ ಪುಸ್ತಕಗಳನ್ನು ಓದಿದ್ದಾರೆ. ಅವರು 1991ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಪುಸ್ತಕಗಳು ಉಳಿದಿವೆ. ನೀವು ಇನ್ನೂ ಸ್ವಲ್ಪ ಓದಲು ಕಲಿತರೆ ಅವನ್ನು ನೀವೇ ಓದಬಹುದು.

ಒಬ್ಬ ಹೆಣ್ಣುಮಗಳು ಇದನ್ನೆಲ್ಲ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ನಾವು ಡಾಕ್ಟರ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಎರಡು ಮಾತು ಹೇಳಲಾರೆವೇ?

ಚೀಟಿ ಬರೆದುಕೊಂಡು ಹೋಗೋಣ

ಸಂತೆಗೆ ಹೋಗುವಾಗ ನಾವು ಪಟ್ಟಿ ಮಾಡುತ್ತೇವೆ. ಬೆಲ್ಲ, ಬೇಳೆ, ಎಣ್ಣೆ, ಸಾಬೂನು. ಪಟ್ಟಿ ಇಲ್ಲದಿದ್ದರೆ ಒಂದಾದರೂ ಮರೆಯುತ್ತದೆ. ಆಸ್ಪತ್ರೆಗೂ ಹಾಗೆಯೇ ಒಂದು ಚೀಟಿ ಬೇಕು. ದೊಡ್ಡ ಕಾಗದ ಬೇಡ. ಹಿಂದಿನ ದಿನ ರಾತ್ರಿ ಕುಳಿತು ನಾಲ್ಕು ಸಾಲು ಬರೆಯಿರಿ. ಅಕ್ಷರ ತಪ್ಪಾದರೂ ಅಡ್ಡಿಯಿಲ್ಲ. ಪರೀಕ್ಷೆಗೆ ಅಲ್ಲ, ನಮ್ಮ ನೆನಪಿಗೆ.

ಮೊದಲನೆಯ ಸಾಲು: ಏನು ತೊಂದರೆ? ಮೂರು ತೊಂದರೆ ಇದ್ದರೆ ಮೂರನ್ನೂ ಬರೆಯಿರಿ. ಯಾವುದು ಹೇಳಲಿಕ್ಕೆ ಹೆಚ್ಚು ನಾಚಿಕೆಯೋ ಅದನ್ನು ಮೊದಲು ಬರೆಯಿರಿ. ಕೊನೆಗೆ ಇಟ್ಟರೆ ಅದು ಉಳಿದೇ ಹೋಗುತ್ತದೆ.

ಎರಡನೆಯ ಸಾಲು: ಯಾವಾಗಿನಿಂದ? "ಬಹಳ ದಿನದಿಂದ" ಎಂದರೆ ಡಾಕ್ಟರಿಗೆ ತಿಳಿಯುವುದಿಲ್ಲ. "ಗದ್ದೆ ನೆಟ್ಟಿ ಮಾಡುವಾಗ ಶುರುವಾಯಿತು", "ದೀಪಾವಳಿಯಿಂದ" ಎಂದರೆ ತಿಳಿಯುತ್ತದೆ.

ಮೂರನೆಯ ಸಾಲು: ಎಷ್ಟು? ರಕ್ತ ಎಷ್ಟು ದಿನ ಹೋಗುತ್ತದೆ? ದಿನಕ್ಕೆ ಎಷ್ಟು ಬಟ್ಟೆ ಬದಲು ಮಾಡಬೇಕು? ಗಡ್ಡೆ ಗಡ್ಡೆಯಾಗಿ ಹೋಗುತ್ತದೆಯೇ? ಬಿಳಿ ಹೋಗುವುದಾದರೆ ವಾಸನೆ ಉಂಟೋ, ತುರಿಕೆ ಉಂಟೋ? ಕಡೆಯ ಸಲ ಹೊರಗಾದ ತಾರೀಕು ಯಾವುದು? ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಒಂದು ಗುರುತು ಹಾಕುವ ಅಭ್ಯಾಸ ಮಾಡಿಕೊಳ್ಳಿ. ಡಾಕ್ಟರು ಹೆಂಗಸರನ್ನು ತಪ್ಪದೆ ಕೇಳುವ ಪ್ರಶ್ನೆ ಅದು.

ನಾಲ್ಕನೆಯ ಸಾಲು: ಈಗ ಏನು ಔಷಧ ತೆಗೆದುಕೊಳ್ಳುತ್ತಿದ್ದೀರಿ? ಮಾತ್ರೆಯ ಹಾಳೆಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ನಾಟಿ ಔಷಧ, ಬೇರು, ಕಷಾಯ ಕುಡಿಯುತ್ತಿದ್ದರೆ ಅದನ್ನೂ ಹೇಳಿ. ಬಯ್ಯುತ್ತಾರೆ ಎಂದು ಮುಚ್ಚಿಡಬೇಡಿ. ಎರಡು ಔಷಧ ಒಂದಕ್ಕೊಂದು ಹೊಂದದೆ ಇದ್ದರೆ ಕಷ್ಟ ನಮಗೇ.

ಕವಳ ಹಾಕುವವರು ಅದನ್ನೂ ಹೇಳಬೇಕು. ಕವಳಕ್ಕೆ ತಂಬಾಕು ಸೇರಿಸುವವರು ಖಂಡಿತ ಹೇಳಬೇಕು. ಬಾಯಿಯಲ್ಲಿ ಹುಣ್ಣು ಎರಡು ವಾರ ಕಳೆದರೂ ಮಾಯದಿದ್ದರೆ, ಬಿಳಿ ಕಲೆ ಕಂಡರೆ, ತೋರಿಸಲೇಬೇಕು.

ಬಾಯಿ ಬರದಿದ್ದರೆ ಏನು ಮಾಡುವುದು? ಚೀಟಿಯನ್ನೇ ಡಾಕ್ಟರ ಕೈಗೆ ಕೊಡಿ. "ಇದರಲ್ಲಿ ಬರೆದಿದ್ದೇನೆ, ಓದಿ" ಎನ್ನಿ. ಅಕ್ಷರ ಕಲಿತದ್ದು ಅಲ್ಲಿ ಕೆಲಸಕ್ಕೆ ಬರುತ್ತದೆ.

ಮಾತಿನ ತೊಡಕು

ನಮ್ಮ ಕಡೆ ಹಲವು ಮಾತಿನ ಜನ ಇದ್ದೇವೆ. ಸಿದ್ದಿಯರ ಮನೆಯಲ್ಲಿ ಕೊಂಕಣಿ ಉಂಟು. ಗೌಳಿಗರ ಮನೆಯಲ್ಲಿ ಮರಾಠಿ ಉಂಟು. ಹವ್ಯಕರ ಕನ್ನಡವೇ ಬೇರೆ. ಡಾಕ್ಟರು ದೂರದ ಊರಿನವರು ಇರಬಹುದು. ನಾವು "ಹೊರಗಾದೆ" ಎಂದರೆ ಅವರಿಗೆ ಅರ್ಥವಾಗದೆ ಹೋಗಬಹುದು. "ಮುಟ್ಟು" ಎಂದರೆ ಎಲ್ಲ ಕಡೆಯ ಕನ್ನಡ ಡಾಕ್ಟರಿಗೂ ತಿಳಿಯುತ್ತದೆ. "ಬಿಳಿ ಹೋಗುತ್ತದೆ" ಎಂದರೂ ತಿಳಿಯುತ್ತದೆ. ಹೆಸರು ಗೊತ್ತಿಲ್ಲದಿದ್ದರೆ ಕೈಯಿಂದ ತೋರಿಸಿ. "ಇಲ್ಲಿ ನೋವು" ಎಂದರೆ ಸಾಕು. ಅವರ ಮಾತು ನಮಗೆ ತಿಳಿಯದಿದ್ದರೆ, "ತಿಳೀಲಿಲ್ಲ, ಇನ್ನೊಮ್ಮೆ ಹೇಳಿ" ಎಂದು ಕೇಳೋಣ. ಅದರಲ್ಲಿ ಅವಮಾನ ಇಲ್ಲ.

ನಮ್ಮ ಮರ್ಯಾದೆ ಕಾಯುವ ನಿಯಮ

2018ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ರೋಗಿಗಳ ಹಕ್ಕುಗಳ ಪಟ್ಟಿಯೊಂದನ್ನು ಸಿದ್ಧಮಾಡಿತು. ಅದರಲ್ಲಿ 17 ಹಕ್ಕುಗಳು ಇವೆ. ನಮಗೆ ಬೇಕಾದ ಮೂರನ್ನು ಇಲ್ಲಿ ಹೇಳುತ್ತೇವೆ.

ಒಂದು. ಗಂಡಸು ಡಾಕ್ಟರು ಹೆಂಗಸಿನ ಮೈ ಪರೀಕ್ಷೆ ಮಾಡುವಾಗ ಅಲ್ಲಿ ಇನ್ನೊಬ್ಬ ಹೆಂಗಸು ಇರಬೇಕು. ನರ್ಸ್ ಇರಬಹುದು, ನಮ್ಮ ಜೊತೆ ಬಂದ ಅಕ್ಕ ಇರಬಹುದು. ಇಲ್ಲದಿದ್ದರೆ, "ಒಬ್ಬರು ಸಿಸ್ಟರನ್ನು ಕರೀರಿ" ಎಂದು ಕೇಳಿ.

ಎರಡು. ನಮ್ಮ ರೋಗದ ವಿಷಯ ಗುಟ್ಟಾಗಿ ಇರಬೇಕು. ಬೇರೆಯವರ ಎದುರು ಹೇಳಲು ಮನಸ್ಸಿಲ್ಲದಿದ್ದರೆ, "ಡಾಕ್ಟ್ರೇ, ನಿಮ್ಮ ಹತ್ತಿರ ಒಬ್ಬಳೇ ಮಾತಾಡಬೇಕು" ಎನ್ನಿ. ಜೊತೆಗೆ ಬಂದವರು ಸ್ವಲ್ಪ ಹೊರಗೆ ನಿಂತರೆ ಯಾರಿಗೂ ನಷ್ಟವಿಲ್ಲ.

ಮೂರು. ಏನು ರೋಗ, ಏನು ಔಷಧ, ಎಷ್ಟು ಖರ್ಚು ಎಂದು ತಿಳಿಯುವ ಹಕ್ಕು ನಮಗೆ ಇದೆ. ಪರೀಕ್ಷೆಯ ಕಾಗದಗಳನ್ನು ಕೇಳಿ ಪಡೆಯುವ ಹಕ್ಕೂ ಇದೆ. ಆ ಕಾಗದಗಳನ್ನು ಒಂದು ಚೀಲದಲ್ಲಿ ಹಾಕಿಡಿ. ಮುಂದಿನ ಸಲ ಅದೇ ಚೀಲ ಹಿಡಿದು ಹೋಗಿ.

ಕೇಳದೆ ಒಪ್ಪಬಾರದು

ಕಲಬುರಗಿ ಜಿಲ್ಲೆಯಲ್ಲಿ ನಡೆದದ್ದನ್ನು ಹೇಳುತ್ತೇವೆ, ಕೇಳಿ. ಅಲ್ಲಿಯ ತಾಂಡಾಗಳ, ಹಳ್ಳಿಗಳ ಬಡ ಹೆಂಗಸರು ಹೊಟ್ಟೆನೋವು, ಬಿಳಿ ಹೋಗುವುದು ಎಂದು ಖಾಸಗಿ ಆಸ್ಪತ್ರೆಗೆ ಹೋದರು. ಬಹಳ ಜನರ ಗರ್ಭಚೀಲವನ್ನೇ ತೆಗೆದು ಹಾಕಿದರು. ಅವರಲ್ಲಿ ಎಷ್ಟೋ ಮಂದಿ ಚಿಕ್ಕ ಪ್ರಾಯದವರು. ಔಷಧದಿಂದ ವಾಸಿ ಆಗಬಹುದಾದ ತೊಂದರೆಗೂ ಕತ್ತರಿ ಬಿತ್ತು. ಹೆಂಗಸರು, ಸಂಘಟನೆಗಳವರು ದನಿ ಎತ್ತಿದರು. 2015ರಲ್ಲಿ ಸರಕಾರ ತನಿಖೆ ಮಾಡಿಸಿತು.

ಇದು ಅಲ್ಲಿ ಮಾತ್ರ ನಡೆದದ್ದಲ್ಲ, ಬೇರೆ ರಾಜ್ಯಗಳಲ್ಲೂ ನಡೆದಿತ್ತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಬೇಡದ ಗರ್ಭಚೀಲದ ಆಪರೇಶನ್ ತಡೆಯಲು ಕೇಂದ್ರ ಸರಕಾರ 2022ರಲ್ಲಿ ನಿಯಮ ಮಾಡಿತ್ತು. ಆ ನಿಯಮವನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳ ಒಳಗೆ ಜಾರಿಗೆ ತರಬೇಕು ಎಂದು ಕೋರ್ಟು 2023ರ ಏಪ್ರಿಲ್ ತಿಂಗಳಲ್ಲಿ ಹೇಳಿತು.

ಇದನ್ನು ಕೇಳಿ ಡಾಕ್ಟರೆಂದರೆ ಹೆದರಬೇಡಿ. ಕೆಲವು ರೋಗಕ್ಕೆ ಆಪರೇಶನ್ ಬೇಕೇ ಬೇಕು. ಅದರಿಂದ ಜೀವ ಉಳಿಯುತ್ತದೆ. ಆದರೆ ಕೇಳದೆ ಹೆಬ್ಬೆಟ್ಟು ಒತ್ತುವುದು ಬೇಡ, ಓದದೆ ಸಹಿ ಹಾಕುವುದೂ ಬೇಡ. ಈ ನಾಲ್ಕು ಪ್ರಶ್ನೆ ಕೇಳೋಣ:

ನನಗೆ ಏನಾಗಿದೆ?
ಔಷಧದಿಂದ ವಾಸಿ ಆಗುವುದಿಲ್ಲವೇ?
ಆಪರೇಶನ್ ಮಾಡಿಸಿದರೆ ಮುಂದೆ ಏನು ಆಗುತ್ತದೆ?
ಈಗಲೇ ಆಗಬೇಕೋ, ಇನ್ನೊಬ್ಬ ಡಾಕ್ಟರಿಗೆ ತೋರಿಸಿ ಬರಬಹುದೋ?

ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುವುದೂ ಆ 17 ಹಕ್ಕುಗಳಲ್ಲಿ ಒಂದು.

ತಡ ಮಾಡಬಾರದ ತೊಂದರೆಗಳು

ಕೆಲವು ತೊಂದರೆಯನ್ನು "ನಾಳೆ ನೋಡುವಾ" ಎಂದು ಬಿಡಬಾರದು.

ಮುಟ್ಟು ನಿಂತು ಒಂದು ವರ್ಷ ಆದ ಮೇಲೆ ಮತ್ತೆ ರಕ್ತ ಕಂಡರೆ ತಕ್ಷಣ ತೋರಿಸಬೇಕು. ಗಂಡನ ಜೊತೆ ಕೂಡಿದ ಮೇಲೆ ರಕ್ತ ಕಂಡರೂ ತೋರಿಸಬೇಕು. ಮೊಲೆಯಲ್ಲಿ ಗಂಟು ಇದ್ದರೆ, ನೋವು ಇಲ್ಲ ಎಂದು ಸುಮ್ಮನೆ ಇರಬಾರದು. ನೋವಿಲ್ಲದ ಗಂಟೂ ಕೆಟ್ಟದ್ದು ಇರಬಹುದು. ಗಂಟೆಲ್ಲ ಕ್ಯಾನ್ಸರ್ ಅಲ್ಲ. ಆದರೆ ನೋಡಿ ಹೇಳಬೇಕಾದವರು ಡಾಕ್ಟರು. ಗರ್ಭಚೀಲದ ಬಾಯಿಯ ಕ್ಯಾನ್ಸರನ್ನು ಬೇಗ ಕಂಡುಹಿಡಿದರೆ ವಾಸಿ ಮಾಡಬಹುದು. 30 ವರ್ಷ ದಾಟಿದ ಹೆಂಗಸರಿಗೆ ಸರಕಾರದ ವತಿಯಿಂದ ಅದರ ತಪಾಸಣೆ ಉಂಟು. ಎಲ್ಲಿ, ಯಾವಾಗ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ಸುಸ್ತು ಎಂಬುದನ್ನೂ ಸಣ್ಣದು ಎಂದು ತಿಳಿಯಬೇಡಿ. ಸರಕಾರದ ಕುಟುಂಬ ಆರೋಗ್ಯ ಸಮೀಕ್ಷೆ 2019ರಿಂದ 2021ರ ತನಕ ನಡೆಯಿತು. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತ ಕಡಿಮೆ ಎಂದು ಅದರಲ್ಲಿ ತಿಳಿಯಿತು. ನಾವು ಇಲ್ಲಿ ಇಪ್ಪತ್ತು ಮಂದಿ ಕುಳಿತಿದ್ದರೆ ಹತ್ತು ಮಂದಿಗೆ ಇರಬಹುದು ಎಂದು ಲೆಕ್ಕ. ಏರು ಹತ್ತುವಾಗ ಏದುಸಿರು, ತಲೆ ತಿರುಗುವುದು, ಎದೆ ಡವಡವ ಎನ್ನುವುದು ಇದ್ದರೆ, "ನನ್ನ ರಕ್ತ ಪರೀಕ್ಷೆ ಮಾಡಿ" ಎಂದು ಕೇಳಿ. ಹಿಮೋಗ್ಲೋಬಿನ್ ಎಷ್ಟು ಎಂದು ಕೇಳಿ ಬರೆದುಕೊಳ್ಳಿ. ಬಸುರಿ ಅಲ್ಲದವರಿಗೆ 12, ಬಸುರಿಗೆ 11, ಅದಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಕಬ್ಬಿಣದ ಮಾತ್ರೆ ಕೊಟ್ಟರೆ ಮಲ ಕಪ್ಪಗೆ ಆಗುತ್ತದೆ. ಅದಕ್ಕೆ ಹೆದರಬೇಡಿ. ವಾಕರಿಕೆ ಬಂದರೆ ಮಾತ್ರೆಯನ್ನು ತೋಟಕ್ಕೆ ಎಸೆಯಬೇಡಿ. ಡಾಕ್ಟರಿಗೆ ಹೇಳಿ, ಅವರು ಬೇರೆ ದಾರಿ ಹೇಳುತ್ತಾರೆ.

ಜ್ವರ ಬಂದರೆ ಇನ್ನೊಂದು ಮಾತು ಹೇಳಬೇಕು. "ನಾನು ಬೆಟ್ಟಕ್ಕೆ ಹೋಗಿದ್ದೆ, ದರಕು ತಂದಿದ್ದೆ, ಕಟ್ಟಿಗೆ ತಂದಿದ್ದೆ" ಎಂದು ಹೇಳಬೇಕು. ಯಾಕೆಂದರೆ ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗು ಕಚ್ಚಿ. ಆ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ನಮ್ಮ ಕಡೆಯ ಸಿದ್ದಾಪುರ ತಾಲೂಕಿನಲ್ಲೂ ಅದು ಬಂದಿದೆ. ಜೋರು ಜ್ವರ, ತಲೆನೋವು, ಮೈಕೈ ನೋವು ಅದರ ಗುರುತು. ಕಾಡಿನಲ್ಲಿ ಸತ್ತ ಮಂಗ ಕಂಡಿದ್ದರೆ ಅದನ್ನೂ ಹೇಳಿ. ಸೊಪ್ಪು, ದರಕು ತರುವವರು ಹೆಚ್ಚಾಗಿ ಹೆಂಗಸರೇ. ನಾವು ಹೇಳದಿದ್ದರೆ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು?

ಮೈಮೇಲಿನ ಪೆಟ್ಟು, ಮನಸ್ಸಿನ ಪೆಟ್ಟು

ಕೆಲವು ಮಾತು ಇನ್ನೂ ಕಷ್ಟದ್ದು. ಮನೆಯಲ್ಲಿ ಹೊಡೆತ ತಿಂದು ಆಸ್ಪತ್ರೆಗೆ ಹೋಗುತ್ತೇವೆ. "ಬಚ್ಚಲಲ್ಲಿ ಜಾರಿ ಬಿದ್ದೆ" ಎನ್ನುತ್ತೇವೆ. ಜಾರಿ ಬಿದ್ದ ಪೆಟ್ಟಿಗೂ ಹೊಡೆತದ ಪೆಟ್ಟಿಗೂ ಒಂದೇ ಪಟ್ಟಿ ಕಟ್ಟಬಹುದು. ಆದರೆ ಸುಳ್ಳು ಹೇಳಿದರೆ ನಾಳೆ ಮತ್ತೆ ಪೆಟ್ಟು ಬೀಳುತ್ತದೆ. ಹೆಂಗಸರ ಮೇಲಿನ ಮನೆಯೊಳಗಿನ ದೌರ್ಜನ್ಯ ತಡೆಯಲು 2005ರಲ್ಲಿ ಕಾನೂನು ಬಂದಿದೆ. ಆ ಕಾನೂನಿನ ಪ್ರಕಾರ, ನೊಂದ ಹೆಂಗಸು ಕೇಳಿದರೆ ಆಸ್ಪತ್ರೆಯವರು ಚಿಕಿತ್ಸೆ ಕೊಡಲೇಬೇಕು. ನಿಜ ಹೇಳಿದರೆ ಅದು ಕಾಗದದಲ್ಲಿ ದಾಖಲೆ ಆಗುತ್ತದೆ. ಮುಂದೆ ಬೇಕಾದಾಗ ಆಧಾರ ಆಗುತ್ತದೆ. 181 ಎಂಬುದು ಹೆಂಗಸರ ಸಹಾಯದ ಫೋನ್ ನಂಬರು. ಬರೆದಿಟ್ಟುಕೊಳ್ಳಿ.

ನಿದ್ದೆ ಬಾರದಿದ್ದರೆ, ಸುಮ್ಮಸುಮ್ಮನೆ ಅಳು ಬಂದರೆ, ಬದುಕೇ ಬೇಡ ಎನಿಸಿದರೆ, ಅದನ್ನೂ ಡಾಕ್ಟರಿಗೆ ಹೇಳಬೇಕು. ಅದು ಹುಚ್ಚಲ್ಲ, ದೆವ್ವವೂ ಅಲ್ಲ. ಜ್ವರದ ಹಾಗೆ ಅದೂ ಒಂದು ಕಾಯಿಲೆ. ಅದಕ್ಕೂ ಔಷಧ ಉಂಟು. 14416 ನಂಬರಿಗೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಈ ಸೇವೆ 2022ರಲ್ಲಿ ಶುರುವಾಯಿತು. ದುಡ್ಡು ಕೊಡಬೇಕಾಗಿಲ್ಲ.

ಈಗ ನಾವೇ ಆಡಿ ನೋಡೋಣ

ನಮ್ಮ ಮಂಚಿಕೇರಿ ನಾಟಕದ ಊರು. ಬಣ್ಣ ಹಚ್ಚದೆ ನಾವೂ ಒಂದು ಸಣ್ಣ ಆಟ ಆಡೋಣ. ಒಬ್ಬರು ಡಾಕ್ಟರಾಗಿ, ಒಬ್ಬರು ರೋಗಿಯಾಗಿ.

ಡಾಕ್ಟರು: ಬನ್ನಿ ಅಮ್ಮಾ, ಕೂತ್ಕೊಳ್ಳಿ. ಎಂತ ತೊಂದರೆ?

ಅಕ್ಕ: ಡಾಕ್ಟ್ರೇ, ಎರಡು ತೊಂದರೆ ಉಂಟು. ದೊಡ್ಡದು ಮೊದಲು ಹೇಳ್ತೇನೆ. ಮುಟ್ಟಾದಾಗ ರಕ್ತ ಬಹಳ ಹೋಗ್ತದೆ.

ಡಾಕ್ಟರು: ಯಾವಾಗಿನಿಂದ?

ಅಕ್ಕ: ನಾಲ್ಕು ತಿಂಗಳಾಯ್ತು. ಒಂಬತ್ತು ದಿನ ಹೋಗ್ತದೆ. ಮೊದಲೆಲ್ಲ ನಾಲ್ಕೇ ದಿನ ಇತ್ತು. ತಾರೀಕು ಬರೆದಿಟ್ಟಿದ್ದೇನೆ, ನೋಡಿ.

ಡಾಕ್ಟರು: ಒಳ್ಳೇದು ಮಾಡಿದಿರಿ. ಇನ್ನೊಂದು?

ಅಕ್ಕ: ಸುಸ್ತು. ಕೊಡಪಾನ ಎತ್ತಿದರೆ ಕಣ್ಣು ಕತ್ತಲೆ ಬರ್ತದೆ.

ಡಾಕ್ಟರು: ಒಳಗೆ ಪರೀಕ್ಷೆ ಮಾಡಿ ನೋಡ್ಬೇಕು.

ಅಕ್ಕ: ಆಯ್ತು. ಸಿಸ್ಟರ್ ಜೊತೆಗೆ ಇರ್ಲಿ.

ಡಾಕ್ಟರು: ಖಂಡಿತ. ಈ ಮಾತ್ರೆ ತಗೊಳ್ಳಿ. ರಕ್ತ ಪರೀಕ್ಷೆ ಮಾಡಿಸಿ.

ಅಕ್ಕ: ಡಾಕ್ಟ್ರೇ, ನಾನು ಇನ್ನೊಮ್ಮೆ ಹೇಳ್ತೇನೆ, ಸರಿ ಉಂಟಾ ನೋಡಿ. ಈ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟ ಆದ ಮೇಲೆ. ಹೌದಾ? ಮತ್ತೆ ಯಾವಾಗ ಬರ್ಬೇಕು?

ನೋಡಿದಿರಾ? ಇಷ್ಟಕ್ಕೆ ಎಷ್ಟು ಹೊತ್ತು ಹಿಡಿಯಿತು? ಒಂದು ಕವಳ ಹಾಕುವಷ್ಟು ಹೊತ್ತು. ಆ ಅಕ್ಕ ಎದುರು ಮಾತಾಡಲಿಲ್ಲ, ಜಗಳ ಮಾಡಲಿಲ್ಲ. ಬೇಕಾದದ್ದನ್ನೆಲ್ಲ ಹೇಳಿದಳು, ಬೇಕಾದದ್ದನ್ನೆಲ್ಲ ಕೇಳಿದಳು. ಕೊನೆಗೆ ಡಾಕ್ಟರು ಹೇಳಿದ್ದನ್ನು ತಿರುಗಿ ಒಪ್ಪಿಸಿದಳು. ಇದು ಬಹಳ ಮುಖ್ಯ. ತಪ್ಪು ತಿಳಿದಿದ್ದರೆ ಅಲ್ಲೇ ಸರಿಯಾಗುತ್ತದೆ.

ಔಷಧದ ಚೀಟಿಯಲ್ಲಿ 1-0-1 ಎಂದು ಬರೆದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದು ಅರ್ಥ. ಅಂಕಿ ನಿಮಗೆ ಗೊತ್ತಿದೆ. ಮಾತ್ರೆಯ ಹಾಳೆಯ ಮೇಲೆ ತಿಂಗಳು, ವರ್ಷ ಇರುತ್ತದೆ. ಅವಧಿ ಮುಗಿದದ್ದನ್ನು ನುಂಗಬಾರದು. ಅದನ್ನೂ ಓದಲಿಕ್ಕೆ ಕಲಿಯೋಣ.

ಎಲ್ಲ ಡಾಕ್ಟರೂ ಈ ಆಟದ ಡಾಕ್ಟರ ಹಾಗೆ ಇರುವುದಿಲ್ಲ. ಕೆಲವರು ಅವಸರದಲ್ಲಿ ಇರುತ್ತಾರೆ. ಕೆಲವರು ಗದರಿಸುತ್ತಾರೆ. ಸಾಲು ಉದ್ದ ಇದ್ದರೆ ಅವರಿಗೂ ಕಷ್ಟವೇ. ಆದರೂ ಚೀಟಿ ಮುಗಿಯುವ ತನಕ ಕುರ್ಚಿಯಿಂದ ಏಳಬೇಡಿ. "ಇನ್ನೊಂದೇ ಮಾತು ಉಂಟು ಡಾಕ್ಟ್ರೇ" ಎನ್ನಿ. ಒಬ್ಬರೇ ಹೋಗಲು ಹೆದರಿಕೆಯಾದರೆ ಇಬ್ಬರು ಕೂಡಿ ಹೋಗಿ. ಆಶಾ ಅಕ್ಕನನ್ನು ಕರೆದುಕೊಂಡು ಹೋಗಿ.

ಮನೆಯ ದನಕ್ಕೆ ಕಾಯಿಲೆ ಬಂದರೆ ನಾವು ಪಶು ಡಾಕ್ಟರಿಗೆ ಎಲ್ಲವನ್ನೂ ಬಿಡಿಸಿ ಹೇಳುತ್ತೇವೆ. ಹುಲ್ಲು ತಿಂದಿಲ್ಲ, ಸಗಣಿ ತೆಳ್ಳಗೆ ಹಾಕಿದೆ, ಎರಡು ದಿನದಿಂದ ಹಾಲು ಕಡಿಮೆ ಎನ್ನುತ್ತೇವೆ. ದನ ಬಾಯಿಬಾರದ್ದು, ಅದರ ಪರವಾಗಿ ನಾವು ಹೇಳುತ್ತೇವೆ. ನಮಗೆ ಬಾಯಿ ಉಂಟು. ಈಗ ಬರೆಯುವ ಕೈಯೂ ಉಂಟು.

ಈಗ ಪಾಟಿ ತೆಗೆಯಿರಿ. ನಾಳೆಯೇ ಆಸ್ಪತ್ರೆಗೆ ಹೋಗುವುದಾದರೆ ಏನು ಹೇಳುತ್ತೀರಿ? ನಾಲ್ಕು ಸಾಲು ಬರೆಯಿರಿ. ನಮಗೆ ತೋರಿಸಬೇಕಾಗಿಲ್ಲ. ಪಕ್ಕದವರಿಗೂ ತೋರಿಸಬೇಕಾಗಿಲ್ಲ. ಮನೆಗೆ ಹೋಗಿ ಒಂದು ಕಾಗದಕ್ಕೆ ಇಳಿಸಿಕೊಳ್ಳಿ. ಅದನ್ನು ತೋರಿಸಬೇಕಾದದ್ದು ಡಾಕ್ಟರಿಗೆ.